ಮಂಗಳವಾರದ ಅರ್ಧ ಮಾತು

ನಮ್ಮ ಮನೆಯ ಊಟದ ಮೇಜಿನ ಮೇಲೆ ಆರು ವರ್ಷದಿಂದ ಕೋರ್ಟಿನ ಮಾತು ಬಂದಿಲ್ಲ. ಬರಕೂಡದು. ಅದು ನನ್ನ ಗಂಡನ ಕಟ್ಟಪ್ಪಣೆ. ಜೂಲಿಯಸ್ ವಾರ್ಗೊ ಟೊಲೀಡೊದ ಫೆಡರಲ್ ನ್ಯಾಯಾಧೀಶ. ಹಗಲೆಲ್ಲ ಊರವರ ಜಗಳ ಕೇಳಿ, ಸಂಜೆ ಆರಕ್ಕೆ ಬಂದು ಕೈ ತೊಳೆದು ಕೂತರೆ ಹವಾಮಾನ, ಬೇಸ್‌ಬಾಲ್, ಪಕ್ಕದ ಮನೆಯ ನಾಯಿ, ಇಷ್ಟೇ ಮಾತು. ಮೊದಮೊದಲು ಈ ನಿಯಮದ ಬಗ್ಗೆ ನನಗೂ ಹೆಮ್ಮೆಯಿತ್ತು. ಈಗ ಅದರ ಹೆಸರೆತ್ತಿದರೆ ಮೈ ಉರಿಯುತ್ತದೆ.

ಅಕ್ಟೋಬರಿನ ಮೊದಲ ಮಂಗಳವಾರ ನಾನು ಕೋಳಿ ಪಾಪ್ರಿಕಾಶ್ ಮಾಡಿದ್ದೆ. ನಮ್ಮತ್ತೆ ಕಲಿಸಿದ ಹಂಗೇರಿಯದ ಕೆಂಪುಮೆಣಸಿನ ಅಡುಗೆ. ನಾನು ಹಂಗೇರಿಯದವರ ಮನೆಯ ಹುಡುಗಿಯಲ್ಲ, ಆದರೂ ಈಗ ಊರಿನ ನದಿಯ ಪೂರ್ವದಂಡೆಯಲ್ಲಿ ನನ್ನಷ್ಟು ಚೆನ್ನಾಗಿ ಅದನ್ನು ಮಾಡುವವರು ನಾಲ್ಕು ಜನ ಸಿಕ್ಕರೆ ಹೆಚ್ಚು. ಮಗಳು ಇಲೋನಾ ಆಸ್ಪತ್ರೆಯ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದು ತಟ್ಟೆ ಜೋಡಿಸುತ್ತಿದ್ದಳು. ಜೂಲಿಯಸ್ ಆಗಲೇ ಕೂತಿದ್ದ. ಅಷ್ಟರಲ್ಲಿ ಹಿಂಬಾಗಿಲು ದಡಾರನೆ ತೆರೆದು ನನ್ನ ಮಾವ ಎಮ್ರಿ ಒಳಗೆ ಬಂದರು. ಎಂಬತ್ತೊಂದರ ಮುದುಕ, ಮೂರು ಮೆಟ್ಟಿಲು ಹತ್ತಿದರೆ ನಿಂತು ಉಸಿರೆಳೆದುಕೊಳ್ಳಬೇಕು. ಅವತ್ತು ಟೋಪಿಯನ್ನೂ ತೆಗೆಯದೆ ಕೂಗಿದರು.

"ಬಿತ್ತು ಕಣೋ! ನಮ್ಮ ಕೇಸು ನಿನ್ನ ಹೆಸರಿಗೇ ಬಿತ್ತು!"

ಜೂಲಿಯಸ್ ಚಮಚ ಕೆಳಗಿಟ್ಟ. "ಅಪ್ಪ, ಮೇಜಿನ ಹತ್ರ ಬೇಡ."

"ಮೇಜಿನ ಹತ್ರ ಬೇಡ ಅಂದ್ರೆ ಇನ್ನೆಲ್ಲಿ? ಬಚ್ಚಲಿಗೆ ಕರ್ಕೊಂಡು ಹೋಗಿ ಹೇಳ್ಲಾ?"

ಇಲೋನಾ ಕಿಸಕ್ಕೆಂದು ನಕ್ಕಳು. ಅವಳಪ್ಪ ಅವಳ ಕಡೆ ನೋಡಿದ ನೋಟಕ್ಕೆ ನಗು ಅಲ್ಲೇ ನಿಂತಿತು.

ಕೇಸು ಯಾವುದು ಎಂದು ನಮಗೆಲ್ಲ ಗೊತ್ತಿತ್ತು. ಮಾವ ನಲವತ್ತೊಂದು ವರ್ಷ ದುಡಿದ ಬ್ರಾಂಡೆಕರ್ ಗೇರ್ ಕಾರ್ಖಾನೆ ಬೇಸಿಗೆಯಲ್ಲಿ ನಿವೃತ್ತರಿಗೆಲ್ಲ ಒಂದು ಕಾಗದ ಕಳಿಸಿತ್ತು. ಹೊಸ ವರ್ಷದಿಂದ ನಿಮ್ಮ ಆರೋಗ್ಯ ವಿಮೆ ನಿಲ್ಲುತ್ತದೆ. ಅಕ್ಟೋಬರ್ ಮೂವತ್ತೊಂದರೊಳಗೆ ಈ ಕಾಗದಕ್ಕೆ ಸಹಿ ಹಾಕಿ ಹಕ್ಕು ಬಿಟ್ಟುಕೊಟ್ಟರೆ ಒಂದು ಸಲಕ್ಕೆ ಒಂದು ಚೆಕ್ಕು ಕೊಡುತ್ತೇವೆ. ಸಹಿ ಹಾಕಿದ ದಿನವೇ ವಿಮೆ ಮುಗಿಯುತ್ತದೆ, ಆಮೇಲೆ ತಕರಾರಿಲ್ಲ. ಸರ್ಕಾರದ ವಿಮೆ ಆಸ್ಪತ್ರೆಯ ಹಾಸಿಗೆಯ ಖರ್ಚಿಗೆ ಸಾಕು. ಆದರೆ ಈ ಮುದುಕರ ಮಾತ್ರೆ, ಉಸಿರಿನ ಔಷಧಿ ಎಲ್ಲ ನಡೆಯುತ್ತಿದ್ದುದು ಕಂಪನಿಯ ಕಾರ್ಡಿನ ಮೇಲೆ. ಮಾವ ಎರಡು ತಿಂಗಳು ಕಾರ್ಮಿಕ ಸಂಘದ ಹಾಲ್‌ನ ಬಾಗಿಲಲ್ಲಿ ಒಂದು ಖಾಲಿ ಎಣ್ಣೆ ಡ್ರಮ್ಮು ಇಟ್ಟುಕೊಂಡು ಕುಳಿತಿದ್ದರು. ಬಂದವರ ಕೈಯಿಂದ ಆ ಕಾಗದ ಹರಿಸಿ ಡ್ರಮ್ಮಿಗೆ ಹಾಕಿಸಿಯೇ ಒಳಗೆ ಬಿಡುತ್ತಿದ್ದರು. ಸಹಿ ಹಾಕಿದ ಇಬ್ಬರಿಗೆ ಇಡೀ ಹಾಲ್ ಕೇಳುವಂತೆ ಬೈದಿದ್ದರು. ಉಳಿದ ಐನೂರು ಚಿಲ್ಲರೆ ಜನ ಸೇರಿ ದಾವೆ ಹೂಡಿದರು. ಯಾವ ಕೇಸು ಯಾವ ನ್ಯಾಯಾಧೀಶರಿಗೆ ಎನ್ನುವುದನ್ನು ಕೋರ್ಟಿನ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಹಂಚುತ್ತದೆ. ಅದು ಎತ್ತಿದ ಚೀಟಿಯಲ್ಲಿ ನನ್ನ ಗಂಡನ ಹೆಸರಿತ್ತು.

"ಲೂ ಟಕಾಚ್ ಅಳ್ತಾ ಇದ್ದ ಕಣೋ," ಎಂದರು ಮಾವ. ಲೂ ಹಾಲ್‌ನ ನಿವೃತ್ತರ ಅಧ್ಯಕ್ಷ, ಮಾವನ ಜೊತೆ ಒಂದೇ ಯಂತ್ರದ ಆಚೆ ಈಚೆ ನಿಂತು ದುಡಿದವರು. "ಎಪ್ಪತ್ತೆಂಟು ವರ್ಷದ ಗೂಳಿ, ಅಳ್ತಾ ಇದ್ದ. ನಮ್ಮ ಹುಡುಗನೇ ಕೂರ್ತಾನೆ ಅಂತ."

"ನಾನು ಯಾರ ಹುಡುಗನೂ ಅಲ್ಲ ಅಪ್ಪ, ಆ ಕುರ್ಚಿ ಮೇಲೆ."

"ಓಹೋ! ಹಂಗಾದ್ರೆ ಆ ಕುರ್ಚಿಗೆ ನಿನ್ನ ಎತ್ತಿ ಕೂರಿಸಿದ್ದು ಯಾರು? ಬ್ರಾಂಡೆಕರ್ ಮನೆಯೋರಾ?"

"ಅಪ್ಪ!"

"ಕೇಸಿಗೆ ಕೂರ್ತೀಯೋ ಇಲ್ವೋ, ಅಷ್ಟು ಹೇಳು."

ಜೂಲಿಯಸ್ ದನಿಯೆತ್ತುವವನಲ್ಲ. ಅವತ್ತು ಎತ್ತಿದ. "ದಾವೆ ಹೂಡಿದೋರ ಪಟ್ಟೀಲಿ ನಿನ್ನ ಹೆಸರಿದೆ! ಹೆತ್ತಪ್ಪನ ಹೆಸರು ಪಟ್ಟೀಲಿ ಇಟ್ಕೊಂಡು ಯಾವ ಜಡ್ಜೂ ಕೂರೋ ಹಾಗಿಲ್ಲ. ಅದು ಕಾನೂನು. ಸಾಕಾ?"

ಮಾವ ಟೋಪಿ ತೆಗೆದು ಕುರ್ಚಿಗೆ ಸಿಕ್ಕಿಸಿದರು. ಕೂತು ಒಂದು ತುತ್ತು ತಿಂದ ಮೇಲೆ ಮೆಲ್ಲಗೆ ಕೇಳಿದರು, "ನನ್ನೊಬ್ಬನ ಹೆಸರಿಂದಾನಾ?"

"ಊಟ ಮಾಡು ಅಪ್ಪ."

"ಉಪ್ಪು ಕೊಡು."

"ಡಾಕ್ಟರ್ ಬೇಡ ಅಂದಿದಾರೆ," ಎಂದು ಜೂಲಿಯಸ್ ಉಪ್ಪಿನ ಡಬ್ಬಿಯನ್ನು ತನ್ನ ತಟ್ಟೆಯ ಆಚೆಗೆ ಸರಿಸಿದ. ಅಲ್ಲಿಗೆ ಮಾತು ಮುಗಿಯಿತು. ಮಾವ ತಟ್ಟೆ ಖಾಲಿ ಮಾಡಿದರು, ನಾನು ಪಾತ್ರೆ ತೊಳೆದೆ, ಇಲೋನಾ ಒರೆಸಿದಳು.

ಎತ್ತಿ ಕೂರಿಸಿದ್ದು ಯಾರು ಎಂದು ಮಾವ ಕೇಳಿದ್ದು ಬಾಯಿಮಾತಲ್ಲ. ಜೂಲಿಯಸ್ ಅದೇ ಕಾರ್ಖಾನೆಯ ಕುಲುಮೆಯ ಮುಂದೆ ಐದು ವರ್ಷ ಹಗಲು ಪಾಳಿ ದುಡಿದು, ಸಂಜೆ ಕಾನೂನು ಕಾಲೇಜಿಗೆ ಹೋದವನು. ಅವನ ಪುಸ್ತಕಗಳಿಗೆಂದು ಹಾಲ್‌ನ ಹೆಂಗಸರು ಪ್ರತಿ ಕ್ರಿಸ್‌ಮಸ್‌ಗೆ ಅಕ್ರೋಟಿನ ಸುರುಳಿ ರೊಟ್ಟಿ ಸುಟ್ಟು ಚರ್ಚಿನ ಬಾಗಿಲಲ್ಲಿ ಮಾರಿದರು. ನಾನೂ ಹಿಟ್ಟು ನಾದಿದ್ದೇನೆ. ಆಗ ನಮಗಿನ್ನೂ ಮದುವೆಯಾಗಿರಲಿಲ್ಲ. ವಕೀಲನಾದ ಮೇಲೆ ಚಪ್ಪಲಿ ಹೊಲಿಯುವವನ ಅಂಗಡಿಯ ಮಹಡಿಯಲ್ಲಿ ಕಚೇರಿ ಮಾಡಿ ಇಪ್ಪತ್ತಮೂರು ವರ್ಷ ಕಾರ್ಮಿಕರ ಪರವಾಗಿ ವಾದಿಸಿದ. ಬೆರಳು ಹೋದವರು, ಕೆಲಸ ಹೋದವರು, ಗಂಡ ಸತ್ತು ಪಿಂಚಣಿ ಬಾರದವರು ಎಲ್ಲ ಆ ಮೆಟ್ಟಿಲು ಹತ್ತಿದರು. ಆಮೇಲೆ ಒಂದು ದಿನ ಸೆನೆಟರ್ ಒಬ್ಬರು ಅವನ ಹೆಸರು ಸೂಚಿಸಿದರು. ಒಂದು ವರ್ಷ ನಮ್ಮ ಜನ್ಮ ಜಾಲಾಡಿದರು. ತನಿಖೆಯವರು ಮಾವನನ್ನೂ ಕೇಳಿದರು, ನಿಮ್ಮ ಮಗ ಯಾವತ್ತಾದರೂ ಕಾನೂನು ಮುರಿದಿದ್ದಾನೆಯೇ ಎಂದು. "ಎಂಟು ವರ್ಷದೋನಿದ್ದಾಗ ಪಕ್ಕದ ಮನೆ ಪೇರುಹಣ್ಣು ಕದ್ದಿದ್ದ, ನಾನೇ ಬಾರಿಸಿದೀನಿ, ಬರ್ಕೊಳಿ," ಎಂದರಂತೆ.

ಪ್ರಮಾಣವಚನದ ದಿನ ಹೊಸ ನ್ಯಾಯಾಧೀಶರಿಗೆ ಮನೆಯವರೇ ಕಪ್ಪು ನಿಲುವಂಗಿ ತೊಡಿಸುವುದು ಇಲ್ಲಿಯ ಪದ್ಧತಿ. ಆ ನಿಲುವಂಗಿಯನ್ನು ಹಾಲ್‌ನವರೇ ಹಣ ಕೂಡಿಸಿ ಹೊಲಿಸಿದ್ದರು. ನಾನು ತೋಳು ಹಿಡಿದೆ, ಮಾವ ಜಿಪ್ಪು ಎಳೆಯಲು ಬಗ್ಗಿದರು. ಅವರ ಬಲಗೈಯ ಎರಡು ಬೆರಳು ಕಾರ್ಖಾನೆಯಲ್ಲೇ ಹೋಗಿವೆ. ಜಿಪ್ಪಿನ ತುದಿ ಒಂದಕ್ಕೊಂದು ಸೇರಲೇ ಇಲ್ಲ. ಹನ್ನೊಂದು ನ್ಯಾಯಾಧೀಶರು, ಇಬ್ಬರು ಸೆನೆಟರುಗಳು, ಇನ್ನೂರು ಜನ ಉಸಿರು ಹಿಡಿದು ಕಾದರು. ಜೂಲಿಯಸ್ ಕೈ ಹಾಕಲಿಲ್ಲ, ಅಪ್ಪನೇ ಮುಗಿಸಲಿ ಎಂದು ನಿಂತಿದ್ದ. ಅವತ್ತು ನನಗೆ ನನ್ನ ಗಂಡನ ಮೇಲೆ ಎಷ್ಟು ಪ್ರೀತಿ ಉಕ್ಕಿತ್ತೆಂದರೆ ಈಗ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಮಾರನೆಯ ವಾರದಿಂದ ನಾವಿಬ್ಬರೂ ಹಾಲ್‌ಗೆ ಹೋಗುವುದು ನಿಂತಿತು, ಪಿಕ್ನಿಕ್ ನಿಂತಿತು, ಅಂಗಳದಲ್ಲಿ ಚುನಾವಣೆಯ ಫಲಕ ನೆಡುವುದು ನಿಂತಿತು, ಊಟದ ಮೇಜಿನ ಮಾತೂ ನಿಂತಿತು.

ಆ ಮಂಗಳವಾರದ ನಂತರದ ಗುರುವಾರ ಬೆಳಿಗ್ಗೆ ಮಾವ ಟೈ ಕಟ್ಟಿಕೊಂಡು ಅಡುಗೆಮನೆಗೆ ಬಂದರು.

"ಡೊರೀನ್, ಫ್ರಂಟ್ ಸ್ಟ್ರೀಟಿಗೆ ಬಿಡ್ತೀಯಾ? ಪಿಂಚಣಿ ಕಾಗದ ಒಂದಕ್ಕೆ ಸಹಿ ಹಾಕ್ಬೇಕು."

"ಸಹಿ ಹಾಕೋಕೆ ಟೈ ಯಾಕೆ ಮಾವ?"

"ನನ್ನಿಷ್ಟ."

ಕಂಪನಿಯ ಕಚೇರಿಯ ಮುಂದೆ ಕಾರು ನಿಲ್ಲಿಸಿ, ದಿನಸಿ ಅಂಗಡಿಯ ರಿಯಾಯಿತಿ ಚೀಟಿ ನೋಡುತ್ತ ಕೂತೆ. ಕಾಲು ಗಂಟೆಯಲ್ಲಿ ಹೊರಗೆ ಬಂದರು. ಬಿಳಿಚಿಕೊಂಡಿದ್ದರು, ಆದರೆ ಮುಖದಲ್ಲಿ ಒಂದು ಗೆಲುವಿತ್ತು. ದಾರಿಯಲ್ಲಿ ಕಾಫಿ ಕುಡಿಸಿದರು, ತಮ್ಮ ಜೇಬಿನಿಂದ. ಸಂಜೆ ಲೂ ಬಂದು ಹಾರ್ನ್ ಮಾಡಿದರೆ ಹೊರಗೆ ಹೋಗಲಿಲ್ಲ. "ಕೇಸು ಮುಗಿಯೋವರೆಗೂ ಜಡ್ಜಿನ ಅಪ್ಪ ಹಾಲ್‌ನಲ್ಲಿ ಕಾಣಿಸ್ಕೋಬಾರದು ಅಂತ ಹೇಳು," ಎಂದು ನನ್ನ ಕೈಲಿ ಹೇಳಿ ಕಳಿಸಿದರು. ಲೂ ನಗುತ್ತ, "ಹೌದಪ್ಪಾ, ದೊಡ್ಡ ಮನುಷ್ಯ," ಎಂದು ಹೋದರು. ಲೂ ನಮ್ಮ ಮನೆಯ ಮುಂದೆ ನಕ್ಕಿದ್ದು ಅದೇ ಕೊನೆ.

ಮುಂದಿನ ಬುಧವಾರ ಇಲೋನಾ ಕೆಲಸದಿಂದ ಬಂದವಳು ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ನಿಂತಳು. ನಾನು ಎಲೆಕೋಸಿನ ಎಲೆಯಲ್ಲಿ ಅನ್ನ ಮಾಂಸ ಸುತ್ತುತ್ತಿದ್ದೆ. ಅಪ್ಪ ಮಗ ಇಬ್ಬರೂ ಮೇಜಿನಲ್ಲಿದ್ದರು.

"ತಾತ, ನಿಮ್ಮ ಉಸಿರಿನ ಔಷಧಿಗೆ ಕಾರ್ಡ್ ಹಾಕಿದೆ. ನಡೀಲಿಲ್ಲ. ಮೂರು ಸಲ ಹಾಕಿದೆ. ಐದನೇ ತಾರೀಕಿಗೆ ವಿಮೆ ಮುಗಿದಿದೆ ಅಂತ ತೋರಿಸ್ತು. ಕಂಪನಿಗೆ ಫೋನ್ ಮಾಡಿದ್ರೆ ನೀವೇ ಸಹಿ ಹಾಕಿದೀರಿ ಅಂತಾರೆ. ಸುಳ್ಳು ತಾನೇ?"

ಐದನೇ ತಾರೀಕು ಗುರುವಾರ. ನನ್ನ ಕೈಯಲ್ಲಿದ್ದ ಎಲೆ ಬಿಚ್ಚಿಕೊಂಡಿತು.

ಮಾವ ಮಾತ್ರ ಮಗನ ಕಡೆಗೇ ನೋಡುತ್ತಿದ್ದರು. "ಸುಳ್ಳಲ್ಲ. ಹಾಕಿದೀನಿ. ಈಗ ಪಟ್ಟೀಲಿ ನನ್ನ ಹೆಸರಿಲ್ಲ ಕಣೋ ಜೂಲಿ. ಹೋಗಿ ಕೂತ್ಕೋ."

ಜೂಲಿಯಸ್ ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿಕೊಂಡ. "ಅಪ್ಪ... ಆ ಕೇಸಿಂದ ನಾನು ಹೋದ ಬುಧವಾರ ಬೆಳಿಗ್ಗೇನೇ ಹಿಂದೆ ಸರಿದೆ. ನೀನು ಹೇಳಿದ ಮಾರನೇ ದಿನ. ಅದೀಗ ಜಡ್ಜ್ ಪೆನ್‌ರಾಡ್ ಹತ್ರ ಇದೆ."

"ಬುಧವಾರ?" ಮಾವ ಬೆರಳು ಮಡಿಸಿದರು, ಉಳಿದ ಬೆರಳುಗಳನ್ನು. "ನಾನು ಹೋಗಿದ್ದು ಗುರುವಾರ."

"ನೀನು ಹೋಗ್ತೀಯ ಅಂತ ನಂಗೇನು ಗೊತ್ತು!"

"ಬುಧವಾರ ರಾತ್ರಿ ಇದೇ ಮೇಜಲ್ಲಿ ಮೀನು ತಿಂದ್ವಲ್ಲೋ. ಪಕ್ಕದ ಮನೆ ನಾಯಿ ವಿಷಯ ಅರ್ಧ ಗಂಟೆ ಮಾತಾಡ್ದೆ ನೀನು. ಇದೊಂದು ಹೇಳೋಕೆ ಬಾಯಿ ಬರಲಿಲ್ವಾ?"

"ನಾನು ಮನೇಲಿ ಕೇಸಿನ ಮಾತಾಡಲ್ಲ. ಅದು ನಿನಗೆ ಗೊತ್ತು."

"ಅಪ್ಪ, ಅದು ಕೋರ್ಟಿನ ದಾಖಲೆಯಲ್ಲೇ ಬಂದಿರುತ್ತಲ್ಲ!" ಇಲೋನಾ ಕಿರುಚಿದಳು. "ಊರಲ್ಲಿ ಯಾರು ಬೇಕಾದ್ರೂ ಓದಬಹುದು. ನಮಗೆ ಮಾತ್ರ ಹೇಳಬಾರದಾ?"

"ಇನ್ನೊಂದಿದೆ," ಎಂದ ಜೂಲಿಯಸ್. ಆಗಲೇ ಹೇಳಬೇಕಿತ್ತೇ ಅದನ್ನು? ಆದರೆ ಹೇಳಿದ. "ನಿನ್ನ ಹೆಸರು ಇಲ್ದೇ ಹೋಗಿದ್ರೂ ನಾನು ಕೂರೋಕೆ ಆಗ್ತಿರಲಿಲ್ಲ. ತೊಂಬತ್ತೆಂಟರ ಒಪ್ಪಂದ, ಆ ವಿಮೆಯ ಸಾಲು, ಅದನ್ನ ಬರೆದಿದ್ದೇ ನಾನು. ಸಂಘದ ವಕೀಲ ನಾನಲ್ವಾ ಆಗ. 'ನಿವೃತ್ತನಿಗೂ ಅವನ ಹೆಂಡತಿಗೂ ಅವರು ಬದುಕಿರುವವರೆಗೆ.' ಕೇಸಿರೋದೇ ಆ ಸಾಲಿನ ಮೇಲೆ. ತಾನೇ ಬರೆದಿದ್ದಕ್ಕೆ ತಾನೇ ತೀರ್ಪು ಕೊಡೋಕಾಗುತ್ತಾ?"

ಮಾವ ಎದ್ದು ನಿಂತರು. ಮೇಜು ಹಿಡಿದುಕೊಂಡೇ ನಿಂತರು. "ನನ್ನೊಬ್ಬನ ಹೆಸರಿಂದಾನಾ ಅಂತ ಕೇಳಿದ್ನಲ್ಲೋ. ಬಾಯಿಬಿಟ್ಟು ಕೇಳಿದೆ. ನೀನು ಊಟ ಮಾಡು ಅಂದೆ."

ಮಾರನೆಯ ದಿನ ಜೂಲಿಯಸ್ ತಾನೇ ಔಷಧಿ ಕೊಂಡು ತಂದು ಮಾವನ ಕೋಣೆಯಲ್ಲಿಟ್ಟ. ಮಾವ ಅದನ್ನು ತಂದು ಫ್ರಿಜ್ಜಿನ ಮೇಲಿಟ್ಟರು. "ನನ್ನ ನಲವತ್ತೊಂದು ವರ್ಷದ ಕಾರ್ಡಿನ ಔಷಧಿ ಬೇರೆ, ಮಗನ ದಯದ ಔಷಧಿ ಬೇರೆ," ಎಂದರು. ಹಳೆಯದರಲ್ಲಿ ಉಳಿದಿದ್ದನ್ನು ದಿನಬಿಟ್ಟು ದಿನ ಎಳೆದುಕೊಳ್ಳತೊಡಗಿದರು. ಇಲೋನಾ ಬೈದು, ಅತ್ತು, ಕೊನೆಗೆ ಸೂಪಿನ ತಟ್ಟೆಯ ಪಕ್ಕದಲ್ಲೇ ಇಟ್ಟು ಕಾವಲು ಕೂತು ಔಷಧಿ ತೆಗೆದುಕೊಳ್ಳುವಂತೆ ಮಾಡಿದಳು. ಊಟದ ಹೊತ್ತಿಗೆ ಮಾವ ಮಗನ ಜೊತೆ ಮಾತು ಬಿಟ್ಟರು. ಆಲೂಗಡ್ಡೆ ಬೇಕಾದರೂ "ಡೊರೀನ್, ಜಡ್ಜ್ ಸಾಹೇಬರಿಗೆ ಆ ಬಟ್ಟಲು ಈ ಕಡೆ ಕೊಡೋಕೆ ಹೇಳು" ಎನ್ನುವರು. ಎರಡಡಿ ದೂರದ ಬಟ್ಟಲು ನನ್ನ ಕೈ ದಾಟಿಯೇ ಹೋಗಬೇಕು.

ಮನೆಯ ಒಳಗಿನದು ಇಷ್ಟು. ಹೊರಗಿನದು ನಮಗೆ ಮುಂದಿನ ವಾರ, ಇಪ್ಪತ್ತೆರಡನೇ ತಾರೀಕಿನ ಭಾನುವಾರ ಗೊತ್ತಾಯಿತು. ಚರ್ಚಿನ ಮೆಟ್ಟಿಲಲ್ಲಿ ಲೂ ಟಕಾಚ್ ನಮ್ಮನ್ನು ನೋಡಿ ಬೆನ್ನು ತಿರುಗಿಸಿದರು. ಇನ್ನೊಬ್ಬರು ನೆಲಕ್ಕೆ ಉಗಿದರು. ಮಾವ ಕಾರಿಗೆ ವಾಪಸು ನಡೆದರು. ಪ್ರಾರ್ಥನೆಗೆ ಒಳಗೆ ಹೋಗಲೇ ಇಲ್ಲ. ಸೋಮವಾರ ದಿನಸಿ ಅಂಗಡಿಯಲ್ಲಿ ಲೂ ಅವರ ಹೆಂಡತಿ ಮಾರ್ಗಿಟ್ ಸಿಕ್ಕಿದಳು. ಹಾಲಿನ ಡಬ್ಬಿ ಕೈಯಲ್ಲಿ ಹಿಡಿದೇ ಎಲ್ಲ ಹೇಳಿದಳು.

"ಬುಧವಾರ ನಿನ್ನ ಗಂಡ ಕೇಸು ಬಿಟ್ಟ. ಗುರುವಾರ ನಿನ್ನ ಮಾವ ಚೆಕ್ಕು ತಗೊಂಡ. ನಮಗೇನು ತಲೆ ಇಲ್ವಾ ಡೊರೀನ್? ಸೋಲೋ ಕೇಸು ಅಂತ ಒಳಗಿನ ಸುದ್ದಿ ಮನೇಲಿ ಹೇಳ್ದ. ಅಪ್ಪ ಓಡಿಹೋಗಿ ಸಹಿ ಹಾಕ್ದ. ನಮ್ಮೋರ ಕಾಗದ ಡ್ರಮ್ಮಿಗೆ ಹಾಕಿಸ್ದೋನು ತನ್ನದನ್ನ ಜೇಬಲ್ಲಿ ಇಟ್ಕೊಂಡಿದ್ದ!"

"ಅಯ್ಯೋ, ಅದಲ್ಲ ಮಾರ್ಗಿಟ್..."

"ಅದಲ್ದೆ ಇನ್ನೇನು? ಹೇಳು. ನಿಂತಿದೀನಿ."

ಮೂವತ್ತು ವರ್ಷದ ಪರಿಚಯದ ಹೆಂಗಸು ಅಷ್ಟು ಜನರ ನಡುವೆ ನನ್ನ ಬಾಯಿ ನೋಡುತ್ತ ನಿಂತಿದ್ದಳು, ನಾನು ಜಡ್ಜಿನ ಹೆಂಡತಿಯಾಗಿ ಬಾಯಿಗೆ ಬೀಗ ಹಾಕಿಕೊಂಡೆ. ಅವಳು ಹೊರಡುವಾಗ ಒಂದು ಮಾತೆಸೆದು ಹೋದಳು. "ಕಂಪನಿ ಎಲ್ಲರಿಗೂ ಮತ್ತೆ ಕಾಗದ ಕಳಿಸಿದೆ. ಹೋದ ವಾರ ಹತ್ತೊಂಬತ್ತು ಜನ ಸಹಿ ಹಾಕಿದಾರೆ. ಜಡ್ಜಿನ ಅಪ್ಪನೇ ಹಾಕಿದ ಮೇಲೆ ನಮಗೇನು ಉಳೀತು ಅಂತ. ಲೂನೂ ಕಾಗದ ಮೇಜಿನ ಮೇಲೆ ಇಟ್ಕೊಂಡು ನೋಡ್ತಾ ಕೂತಿದಾರೆ."

ಹತ್ತೊಂಬತ್ತು ಜನ! ಅವರಿಗೆ ಔಷಧಿ ತಂದು ಫ್ರಿಜ್ಜಿನ ಮೇಲಿಡಲು ಜಡ್ಜ್ ಮಗ ಇಲ್ಲ. ಗಡುವಿಗೆ ಇನ್ನೂ ಎಂಟು ದಿನವಿತ್ತು.

ಮನೆಗೆ ಬಂದು ಮಾವನಿಗೆ ಹೇಳಿದೆ. ಅವರು ಗರಾಜಿನಲ್ಲಿ ಎಲೆ ಗುಡಿಸುವ ಕುಂಟೆಗೆ ಹಿಡಿ ಹಾಕುತ್ತಿದ್ದರು. ಕೈ ನಿಂತಿತು.

"ಹೋಗಿ ಹೇಳಿ ಮಾವ. ಯಾಕೆ ಸಹಿ ಹಾಕಿದ್ರಿ ಅಂತ ಹೇಳಿ."

"ಏನಂತ ಹೇಳ್ಲಿ? ನನ್ನ ಮಗನ್ನ ನಮ್ಮ ಕೇಸಿಗೆ ಕೂರಿಸೋಕೆ ಹಂಚಿಕೆ ಹಾಕಿದ್ದೆ ಅಂತಾನಾ? ಬ್ರಾಂಡೆಕರ್ ವಕೀಲರ ಕಿವಿಗೆ ಅದು ಬಿದ್ರೆ ಅವನ ಕುರ್ಚಿ ಉಳಿಯುತ್ತಾ? ಉಗುಳ್ಲಿ ಬಿಡು. ನನ್ನ ಮುಖಕ್ಕೆ ತಾನೇ."

"ನಿಮ್ಮ ಮುಖಕ್ಕೆ ಮಾತ್ರ ಅಲ್ಲ. ನಿಮ್ಮನ್ನ ನೋಡಿ ಅವರೂ ಹಾಳಾಗ್ತಿದಾರೆ."

ಅವರು ಕುಂಟೆಯನ್ನು ಗೋಡೆಗೆ ಎಸೆದರು. "ಹಂಗಾದ್ರೆ ಅವನು ಹೇಳ್ಲಿ! ಓದಿದೋನು ಅವನು!"

ಅವತ್ತು ಸಂಜೆ ಮೇಜಿನ ಮೇಲೆ ನಾನು ಊಟ ಇಡಲಿಲ್ಲ. ಖಾಲಿ ತಟ್ಟೆಗಳನ್ನು ಇಟ್ಟೆ. ಜೂಲಿಯಸ್ ಕೈ ಒರೆಸಿಕೊಂಡು ಬಂದು ನೋಡಿದ.

"ಏನಿದು?"

"ಮಾತಾಡಿದ ಮೇಲೆ ಊಟ," ಎಂದೆ. ಮಾರ್ಗಿಟ್ ಹೇಳಿದ್ದನ್ನೆಲ್ಲ ಹೇಳಿದೆ. ಕೇಳುತ್ತ ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ.

"ನಾನು ಹೋಗೋ ಹಾಗಿಲ್ಲ ಡೊರೀನ್. ನಡೀತಿರೋ ಕೇಸು. ಒಂದು ಪಕ್ಷದವರ ಹತ್ರ ಹೋಗಿ ಮಾತಾಡೋದು... ಆಗಲ್ಲ. ಬಾಯಿ ಬಿಟ್ರೆ ಕೇಸೇ ಕೆಡಬಹುದು."

"ಕಾಗದದಲ್ಲಿ ಬರೀ."

"ಅದೂ ಆಗಲ್ಲ."

"ನಿನ್ನನ್ನ ಕಳ್ಳ ಅಂತಿದಾರೆ ಜೂಲಿಯಸ್. ಒಳಗಿನ ಸುದ್ದಿ ಮಾರಿದ ಅಂತಿದಾರೆ."

"ಅನ್ನಲಿ. ಜಡ್ಜ್ ಆದೋನು ತನ್ನ ಪರವಾಗಿ ವಾದಿಸ್ಕೊಳ್ಳೋ ಹಾಗಿಲ್ಲ."

"ನಿನ್ನ ಪರವಾಗಿ ಬೇಡ ಮಾರಾಯ! ಆ ಹತ್ತೊಂಬತ್ತು ಜನ ನಾಳೆ ನಲವತ್ತಾಗ್ತಾರೆ, ಆಮೇಲೆ ನೂರಾಗ್ತಾರೆ. ಅವರ ಮನೆ ಹೆಂಗಸರು ನಿನ್ನ ಪುಸ್ತಕಕ್ಕೆ ಅಂತ ಹಿಟ್ಟು ನಾದಿದ್ರು. ನೆನಪಿದೆಯಾ? ಇಲ್ಲಾ ಅದೂ ಮೇಜಿನ ಹತ್ರ ಬೇಡವಾ?"

"ನಾನು ಪ್ರಮಾಣ ಮಾಡಿದೀನಿ!" ಎಂದು ಮೇಜು ಗುದ್ದಿದ. ಖಾಲಿ ತಟ್ಟೆಗಳು ಕುಣಿದವು.

"ಹೌದು. ನೀನು ಮಾಡಿದೀಯ," ಎಂದೆ. "ನಾನು ಮಾಡಿಲ್ಲ."

ನಾನೇ ಹೋಗುವವಳಿದ್ದೇನೆ ಎಂದು ಅವನಿಗೆ ಅರ್ಥವಾಯಿತು. ದನಿ ತಗ್ಗಿಸಿದ. "ಡೊರೀನ್, ನೀನು ಹೋದ್ರೂ ನಾನು ಕಳಿಸ್ದೆ ಅಂತಾರೆ. ಪೇಪರ್‌ಗೆ ಬರುತ್ತೆ. ಹೋಗಬೇಡ. ಕೇಳ್ಕೋತೀನಿ."

ಮೂವತ್ತೊಂದು ವರ್ಷದಲ್ಲಿ ಅವನು ಕೇಳಿಕೊಂಡದ್ದಕ್ಕೆ ನಾನು ಇಲ್ಲ ಎಂದದ್ದು ಕಡಿಮೆ. ನಾಲ್ಕು ದಿನ ತಡೆದುಕೊಂಡೆ. ಬಟ್ಟೆ ಒಗೆದೆ, ಅವನ ಅಂಗಿಗಳಿಗೆ ಇಸ್ತ್ರಿ ಹಾಕಿದೆ, ಎಲೆ ಗುಡಿಸಿದೆ. ಗುರುವಾರ ಇಲೋನಾ ಬಂದು, ಅವತ್ತು ಒಂದೇ ದಿನ ಏಳು ಜನರ ಬ್ರಾಂಡೆಕರ್ ಕಾರ್ಡು ನಡೆಯಲಿಲ್ಲ ಎಂದಳು. ಹೆಸರು ಹೇಳುವಂತಿಲ್ಲ ಎಂದೂ ಹೇಳಿದಳು. ಅವಳಿಗೂ ಅವಳ ಕೆಲಸದ ನಿಯಮ! ಈ ಮನೆಯಲ್ಲಿ ನಿಯಮವಿಲ್ಲದವಳು ನಾನೊಬ್ಬಳೇ ಉಳಿದಿದ್ದೆ.

ಶುಕ್ರವಾರ ಸಂಜೆ ಐದಕ್ಕೆ ಹಾಲ್‌ನಲ್ಲಿ ಮೀನಿನ ಊಟ. ಮಾವನ ಕೋಟು ತೆಗೆದು ಅವರ ಮಡಿಲಿಗೆ ಹಾಕಿದೆ.

"ನಾನು ಬರಲ್ಲ."

"ನೀವು ಬಾಯಿ ಬಿಡೋದು ಬೇಡ. ಸುಮ್ನೆ ನಿಂತ್ಕೊಳ್ಳಿ. ನಾನು ಮಾತಾಡ್ತೀನಿ."

"ಜೂಲಿ ಬೇಡ ಅಂದಿದಾನೆ."

"ಜೂಲಿ ಜೊತೆ ಮಾತು ಬಿಟ್ಟೋರು ನೀವು. ಈಗ ಅವನ ಮಾತು ಕೇಳ್ತೀರಾ? ಏಳಿ."

ಎದ್ದರು. ಹಾಲ್‌ನ ಒಳಗೆ ಎಣ್ಣೆಯಲ್ಲಿ ಕರಿದ ಮೀನಿನ ವಾಸನೆ, ನೂರೈವತ್ತು ಜನರ ಗದ್ದಲ. ನಾವು ಬಾಗಿಲು ದಾಟಿದಂತೆ ಗದ್ದಲ ಮುಂದಿನ ಮೇಜಿನಿಂದ ಹಿಂದಿನ ಮೇಜಿನವರೆಗೆ ಒಂದೊಂದಾಗಿ ನಿಂತಿತು. ಡ್ರಮ್ಮು ಬಾಗಿಲ ಪಕ್ಕದಲ್ಲೇ ಇತ್ತು. ಅದರ ಮೇಲೆ ಯಾರೋ ಕೋಟು ಎಸೆದಿದ್ದರು.

"ದಾರಿ ತಪ್ಪಿ ಬಂದ್ರಾ?" ಎಂದರು ಲೂ. "ಚೆಕ್ಕು ಮುರಿಸೋಕೆ ಬ್ಯಾಂಕ್ ಆಕಡೆ ಬೀದೀಲಿದೆ."

ನನಗೆ ಭಾಷಣ ಬರುವುದಿಲ್ಲ. ಆದರೆ ಸಿಟ್ಟಿತ್ತು, ಅದು ಸಾಕಾಯಿತು. ಆ ಮಂಗಳವಾರ ಏನು ಅಡುಗೆ ಮಾಡಿದ್ದೆ ಎನ್ನುವಲ್ಲಿಂದ ಶುರುಮಾಡಿದೆ. ಅಪ್ಪ ಕೇಳಿದ್ದು, ಮಗ ಹೇಳಿದ್ದು, ಹೇಳದೆ ಬಿಟ್ಟಿದ್ದು, ಟೈ ಕಟ್ಟಿಕೊಂಡಿದ್ದು, ನಾನೇ ಕಾರಿನಲ್ಲಿ ಬಿಟ್ಟಿದ್ದು, ಎಲ್ಲ ಹೇಳಿದೆ. "ಕೇಸು ಗೆಲ್ಲುತ್ತೋ ಸೋಲುತ್ತೋ ನಮ್ಮ ಮನೇಲಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ರೂ ನನ್ನ ಗಂಡ ಹೇಳೋನಲ್ಲ. ಅವನು ಹೇಳ್ಬೇಕಾಗಿದ್ದನ್ನೇ ಹೇಳಲಿಲ್ಲ. ಈ ಮುದುಕ ನಿಮಗೋಸ್ಕರ ತನ್ನ ಉಸಿರಿನ ಔಷಧಿ ಬಿಟ್ಟುಕೊಟ್ರು. ಅದು ದಂಡ ಆಯ್ತು. ನೀವು ಅವರನ್ನ ನೋಡ್ಕೊಂಡು ಸಹಿ ಹಾಕಿದ್ರೆ ಎರಡು ಸಲ ದಂಡ."

"ಸಾಕು ಮಾಡು ಡೊರೀನ್!" ಮಾವ ನನ್ನ ಮೇಲೆ ಕೂಗಿದರು. ಕಣ್ಣು ಕೆಂಪಗಾಗಿತ್ತು. "ಅವನ ಕುರ್ಚಿಗೆ ಬೆಂಕಿ ಇಡ್ತಿದೀಯ!"

ಆ ಕೂಗು ನನ್ನ ಮಾತಿಗಿಂತ ಹೆಚ್ಚು ಕೆಲಸ ಮಾಡಿತು. ಸೊಸೆಯಿಂದ ಸುಳ್ಳು ಹೇಳಿಸಲು ಬಂದವನು ಹಾಗೆ ಕೂಗುವುದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು.

ಲೂ ತಟ್ಟೆ ಪಕ್ಕಕ್ಕೆ ಸರಿಸಿದರು. "ಅಲ್ಲಯ್ಯ ಎಮ್ರಿ," ಎಂದರು, "ಸಹಿ ಹಾಕೋ ಮುಂಚೆ ನನಗೆ ಒಂದು ಫೋನ್ ಮಾಡೋಕೆ ಏನಾಗಿತ್ತು ನಿನಗೆ, ಕೋಣ?"

"ಜಡ್ಜಿನ ಅಪ್ಪ ನಾನು," ಎಂದರು ಮಾವ. "ಕೇಸಿನ ಮಾತಾಡಬಾರದು ಅಂತ ಸುಮ್ನಿದ್ದೆ."

ಯಾರೂ ನಗಲಿಲ್ಲ. ಲೂ ಎದ್ದು ಹೋಗಿ ಡ್ರಮ್ಮಿನ ಮೇಲಿದ್ದ ಕೋಟು ಕಿತ್ತೆಸೆದರು. ತಮ್ಮ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮಾವನ ಎದುರು ಹಿಡಿದರು. ಮಾವ ಡ್ರಮ್ಮಿನ ಅಂಚನ್ನು ಎಡಗೈಯಲ್ಲಿ ಹಿಡಿದು ನಿಂತರು, ಎರಡು ತಿಂಗಳು ನಿಂತ ಜಾಗದಲ್ಲೇ. ಅವರ ಬಳಿ ಹರಿಯಲು ಏನೂ ಉಳಿದಿರಲಿಲ್ಲ. "ಹರಿ," ಎಂದರು ಲೂಗೆ. ಗಟ್ಟಿ ದನಿಯಲ್ಲಿ, ಬೈಗುಳದ ಹಾಗೆ. "ಇನ್ನೂ ಸಣ್ಣಗೆ ಹರಿ." ಮೀನಿನ ಜಿಡ್ಡಿನ ಕೈಯಲ್ಲೇ ಒಬ್ಬೊಬ್ಬರಾಗಿ ಎದ್ದು ಬಂದರು. ಕೆಲವರು ಬರಲಿಲ್ಲ, ಅವರ ಕಾಗದ ಆಗಲೇ ಕಂಪನಿಯ ಕಚೇರಿ ಸೇರಿತ್ತು. ಅವರು ತಟ್ಟೆ ನೋಡುತ್ತ ಕೂತಿದ್ದರು, ನಾನು ಅವರ ಮುಖ ನೋಡಲಾರದೆ ಹೋದೆ.

ಮನೆಗೆ ಬಂದಾಗ ಇನ್ನೂ ಏಳಾಗಿರಲಿಲ್ಲ. ಜೂಲಿಯಸ್ ಮೇಜಿನಲ್ಲಿ ಒಬ್ಬನೇ ಕೂತಿದ್ದ. ಇಲೋನಾ ನಿನ್ನೆಯ ಪಾಪ್ರಿಕಾಶ್ ಬಿಸಿ ಮಾಡಿ ಇಟ್ಟಿದ್ದಳು, ಅವನು ಮುಟ್ಟಿರಲಿಲ್ಲ.

"ಹೇಳಿಬಂದೆ. ಎಲ್ಲಾನೂ," ಎಂದೆ.

ಅವನು ತಲೆಯಾಡಿಸಿದ. "ಮುಖ್ಯ ನ್ಯಾಯಾಧೀಶರಿಗೆ ನಾಳೆ ಕಾಗದ ಬರೀಬೇಕು. ನಡೆದಿದ್ದೆಲ್ಲ."

"ಬರಿ. ನನ್ನ ಹೆಸರು ಸರಿಯಾಗಿ ಬರಿ."

ಮಾವ ಟೋಪಿ ತೆಗೆದು ಕುರ್ಚಿಗೆ ಸಿಕ್ಕಿಸಿ, ಮಗನ ಎದುರಿಗೆ ಕೂತರು. ಎರಡು ವಾರದ ಮೇಲೆ ಅವನನ್ನು ನೇರವಾಗಿ ಮಾತಾಡಿಸಿದರು.

"ಆ ಮಂಗಳವಾರದ ಮಾತು ಈಗ ಪೂರ್ತಿ ಹೇಳು."

"ಅಪ್ಪ, ಈಗ ಅದರಿಂದ..."

"ಹೇಳೋ. ನನ್ನೊಬ್ಬನ ಹೆಸರಿಂದಾನಾ?"

ಜೂಲಿಯಸ್ ಕಣ್ಣು ಒರೆಸಿಕೊಂಡ. ಜೀವಮಾನದಲ್ಲಿ ಅಷ್ಟು ವಾದ ಮಾಡಿದವನು, ಅಷ್ಟು ತೀರ್ಪು ಓದಿದವನು, ಅಪ್ಪನ ಮುಂದೆ ತಡವರಿಸುತ್ತ, ಅವತ್ತು ಆ ಮಂಗಳವಾರವೇ ಆಗಿದ್ದ ಹಾಗೆ ಹೇಳಿದ. "ಅಲ್ಲ ಅಪ್ಪ. ನಿನ್ನ ಹೆಸರು ಇದ್ರೂ ಇಲ್ದಿದ್ರೂ ನಾನು ಕೂರೋಕಾಗಲ್ಲ. ಆ ಸಾಲು ನಾನೇ ಬರ್ದಿದ್ದು. ನಾಳೆ ಬೆಳಿಗ್ಗೇನೇ ಕೇಸು ಬಿಡ್ತೀನಿ."

ಅಷ್ಟೇ. ಈ ತುದಿಯ ಬಟ್ಟಲು ಆ ತುದಿಗೆ ಹೋಗುವಷ್ಟು ಹೊತ್ತೂ ಆಗಲಿಲ್ಲ. ಅಷ್ಟಕ್ಕಾಗಿ ಒಬ್ಬ ಮುದುಕ ನಲವತ್ತೊಂದು ವರ್ಷದ ಕಾರ್ಡು ಕಳೆದುಕೊಂಡಿದ್ದರು, ಎಷ್ಟೋ ಮನೆಗಳು ಅವರ ಹಿಂದೆ ಹೋಗಿದ್ದವು.

ಮಾವ ಕೇಳಿಸಿಕೊಂಡರು. ತಟ್ಟೆ ಹತ್ತಿರ ಎಳೆದುಕೊಂಡು ಒಂದು ತುತ್ತು ಬಾಯಿಗಿಟ್ಟು, ಕೈ ಚಾಚಿದರು.

"ಈಗ ಉಪ್ಪು ಕೊಡು."

ಜೂಲಿಯಸ್ ನನ್ನ ಮುಖ ನೋಡಿದ. ಆಮೇಲೆ ಡಬ್ಬಿ ಎತ್ತಿ ಅಪ್ಪನ ಕೈಗೇ ಕೊಟ್ಟ.